ಎರಡನೇ ಸಲ ಕೇಳಿ, ಮಿಸ್!

"ಗುಡ್ ಮಾರ್ನಿಂಗ್ ಪ್ರಿನ್ಸಿಪಾಲ್ ಮೇಡಂ. ಮೈ ನೇಮ್ ಈಸ್ ಸೌಂದರ್ಯಾ. ಐ ಆ್ಯಮ್ ಕ್ಲಾಸ್ ರೆಪ್," ಎಂದು ಅವ್ವ ಕುಕ್ಕರಿಗೆ ಹೇಳಿದಳು.

ಕುಕ್ಕರು ಜೋರಾಗಿ ಸೀಟಿ ಹೊಡೆಯಿತು.

"ನೋಡಿದಿ? ಪ್ರಿನ್ಸಿಪಾಲ್ ಒಪ್ಪಿಬಿಟ್ರು!"

ಸೃಷ್ಟಿಗೆ ಬಾಯಲ್ಲಿದ್ದ ಕಾರ್ನ್‌ಫ್ಲೇಕ್ಸ್ ಉಗುಳುವಷ್ಟು ನಗು ಬಂತು. "ಅವ್ವಾ, ನೀನಿನ್ನೂ ರೆಪ್ ಆಗೇ ಇಲ್ಲ. ಇಟ್ಸ್ ಟುಡೇ!"

"ಇವತ್ತ ಆಗತೀನಲ್ಲ. ಎಲ್ಲಾರೂ ನನ್ನ ಹೆಸರ ಹೇಳತಾರ, ನೋಡ್ತಿರು. ಶ್! ಸಾವಕಾಶ ನಗು, ನಿಮ್ಮಪ್ಪ ಮಲಗ್ಯಾನ."

ಅಪ್ಪ ವೀರಭದ್ರ ರಾತ್ರಿ ಬಸ್ಸಿನ ಡ್ರೈವರ್. ಸಂಜೆ ಹೋದರೆ ಬರುವುದು ಬೆಳಗಿಗೇ. ಊರೆಲ್ಲ ಏಳುವ ಹೊತ್ತಿಗೆ ಅವನು ಮಲಗುತ್ತಿದ್ದ. ಅವ್ವ ವಾರದಲ್ಲಿ ಕೆಲವು ದಿನ ಬೆಳಿಗ್ಗೆ ಲಂಡನ್ನಿನ ಹ್ಯಾರೋದಲ್ಲಿರುವ ಕಾಲೇಜಿಗೆ ಹೋಗಿ ಇಂಗ್ಲಿಷ್ ಕಲಿಯುತ್ತಿದ್ದಳು. ಇಂಗ್ಲಿಷ್ ಪಾಸಾದರೆ ಅದೇ ಕಾಲೇಜಿನಲ್ಲಿ ನರ್ಸರಿ ಟೀಚರ್ ಕೋರ್ಸಿಗೆ ಸೇರಬಹುದು. ಅದು ಅವ್ವನ ದೊಡ್ಡ ಆಸೆ.

ಆದರೆ ಆ ಆಸೆಗೀಗ ಕುತ್ತು ಬಂದಿತ್ತು. ಬೆಳಗಿನ ಕ್ಲಾಸನ್ನು ಸಂಜೆಗೆ ಹಾಕೋಣವೇ ಎಂದು ಕಾಲೇಜಿನವರು ಯೋಚಿಸುತ್ತಿದ್ದರು. ಸಂಜೆಯಾದರೆ ಸೃಷ್ಟಿಯನ್ನು ಯಾರು ನೋಡಿಕೊಳ್ಳಬೇಕು? ಅವ್ವನ ಕಾಲೇಜು ಅಲ್ಲಿಗೆ ಮುಗಿದಂತೆಯೇ. ವಿದ್ಯಾರ್ಥಿಗಳ ಪರವಾಗಿ ಪ್ರಿನ್ಸಿಪಾಲರ ಜೊತೆ ಮಾತಾಡಲು ಕ್ಲಾಸಿಗೊಬ್ಬರನ್ನು ಆರಿಸುತ್ತಾರೆ. ಅವರೇ ರೆಪ್. ಆ ಆಯ್ಕೆ ಇವತ್ತು.

ಸೃಷ್ಟಿಯ ಶಾಲೆಗೆ ಅಂದು ಇನ್‌ಸೆಟ್ ಡೇ. ಅಂದರೆ ಟೀಚರುಗಳಿಗೆ ಪಾಠ, ಮಕ್ಕಳಿಗೆ ರಜೆ. ಅಪ್ಪನ ನಿದ್ದೆ ಕೆಡಬಾರದೆಂದು ಅವ್ವ ಅವಳನ್ನೂ ಕರೆದುಕೊಂಡು ಮನೆ ಹತ್ತಿರದ ಕ್ವೀನ್ಸ್‌ಬರಿಯಲ್ಲಿ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಅವ್ವನ ಬಾಯಿಗೆ ಬಿಡುವಿರಲಿಲ್ಲ. "ಬಾಯಿದ್ದವ ಬರಗಾಲದಾಗೂ ಬದುಕತಾನ" ಎಂಬ ಗಾದೆ ಅವ್ವನನ್ನು ನೋಡಿಯೇ ಹುಟ್ಟಿರಬೇಕು. ವಿಜಯಪುರದಲ್ಲಿ ಅವಳು ಕಾಲೇಜಿನ ಕಬಡ್ಡಿ ಟೀಮಿನ ಕ್ಯಾಪ್ಟನ್ ಆಗಿದ್ದಳಂತೆ. ಆದರೆ ಇಂಗ್ಲಿಷ್ ಬಂತೆಂದರೆ ಆ ಕ್ಯಾಪ್ಟನ್ ಎಲ್ಲಿ ಅಡಗುತ್ತಾಳೋ ಗೊತ್ತಿಲ್ಲ. ಜಿ.ಪಿ. ಡಾಕ್ಟರ ಹತ್ತಿರ, ಕೌನ್ಸಿಲ್ ಆಫೀಸಿನಲ್ಲಿ, ಕೊನೆಗೆ ಪೇರೆಂಟ್ಸ್ ಈವ್ನಿಂಗಿನಲ್ಲೂ ಅವ್ವನ ಮಾತನ್ನು ಸೃಷ್ಟಿಯೇ ಹೇಳಬೇಕು. ತನ್ನ ಬಗ್ಗೆ ಟೀಚರ್ ಹೇಳಿದ ದೂರನ್ನು ತಾನೇ ಕನ್ನಡಕ್ಕೆ ತಿರುಗಿಸುವಾಗ ಸೃಷ್ಟಿ ಒಂದಿಷ್ಟು ಸಕ್ಕರೆ ಬೆರೆಸುತ್ತಿದ್ದಳು, ಅದು ಬೇರೆ ಮಾತು.

ಕ್ಲಾಸಿನಲ್ಲಿ ಟೀಚರ್ ಮಿಸ್ ಹ್ಯಾರಿಯೆಟ್ ನಗುತ್ತಾ ಸೃಷ್ಟಿಗೆ ಅವ್ವನ ಪಕ್ಕದ ಕುರ್ಚಿ ತೋರಿಸಿದರು. ಆಮೇಲೆ ಒಂದು ಬಿಸ್ಕತ್ತಿನ ಡಬ್ಬಿ ತೆರೆದು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಬಂದರು.

"ನೋ ಥ್ಯಾಂಕ್ಯೂ," ಅಂದಳು ಇರಾನಿನ ಫರಿದೆ. ಅವಳು ಹೇರ್‌ಡ್ರೆಸ್ಸರ್.

"ನೋ, ನೋ," ಅಂದರು ಸೋಮಾಲಿಯಾದ ಅಬ್ದಿ ಅಜ್ಜ, ಎದೆಯ ಮೇಲೆ ಕೈ ಇಟ್ಟುಕೊಂಡು.

"ನೋ, ಮಿಸ್," ಅಂದಳು ಅವ್ವ.

ಪೇಂಟರ್ ಡೋರಿನ್ ಇನ್ನೂ ಬಂದಿರಲಿಲ್ಲ. ಮಿಸ್ ಡಬ್ಬಿಯನ್ನು ಟಪ್ಪೆಂದು ಮುಚ್ಚಿಟ್ಟರು. ಸೃಷ್ಟಿ ಬಾಯಲ್ಲಿ ಬಂದ ನೀರನ್ನು ನುಂಗಿಕೊಂಡಳು. ಅವಳ ತನಕ ಡಬ್ಬಿ ಬಂದೇ ಇರಲಿಲ್ಲ.

ಅಷ್ಟರಲ್ಲಿ ಡೋರಿನ್ ಓಡೋಡಿ ಬಂದ. ರೊಮೇನಿಯಾದವನು. ಮೈತುಂಬ ಬಿಳಿ ಪೇಂಟಿನ ಚುಕ್ಕೆ, ಹುಬ್ಬಿನ ಮೇಲೂ ಒಂದು.

"ಸರಿ, ಈಗ ರೆಪ್ ಆಯ್ಕೆ," ಎಂದರು ಮಿಸ್ ಹ್ಯಾರಿಯೆಟ್. "ಯಾರು ಆಗಬೇಕು?"

"ಸೌಂದರ್ಯಾ!" ಎಂದು ಫರಿದೆ ಕೂಗಿದಳು. "ಕ್ಯಾಂಟೀನಿನವನ ಟೀ ತಣ್ಣಗಿದ್ದಾಗ ನಮ್ಮೆಲ್ಲರ ಪರವಾಗಿ ಜಗಳವಾಡಿದ್ದು ಅವಳೇ. ಇಂಗ್ಲಿಷ್ ಕಮ್ಮಿ ಇತ್ತು, ಆದರೆ ಟೀ ಬಿಸಿಯಾಯಿತು."

ಎಲ್ಲರೂ ಮೇಜು ಬಡಿದರು. ಅವ್ವನ ಮುಖ ಅರಳಿತು.

"ತುಂಬಾ ಸಂತೋಷ! ಸೌಂದರ್ಯಾ, ನಿಮಗೆ ರೆಪ್ ಆಗಲು ಇಷ್ಟವೇ?"

ಅವ್ವ ಎರಡೂ ಕೈ ಆಡಿಸಿದಳು. "ನೋ ನೋ ನೋ! ಮೀ? ನೋ, ಮಿಸ್! ಸಮ್‌ಬಡಿ ಎಲ್ಸ್, ಪ್ಲೀಸ್!"

ಹೇಳಿ, ತಲೆ ತುಸು ಓರೆ ಮಾಡಿ, ಸೀರೆಯ ಸೆರಗು ಸರಿಮಾಡಿಕೊಂಡು ಕಾದಳು.

ಇಲ್ಲೊಂದು ಸಂಗತಿ ಹೇಳಲೇಬೇಕು. ಸೃಷ್ಟಿಯ ಮನೆಯವರಲ್ಲಿ ಯಾರೇ ಏನೇ ಕೊಟ್ಟರೂ ತಕ್ಷಣ ಹೂಂ ಅನ್ನುವಂತಿಲ್ಲ. ಮೊದಲು ಬೇಡ ಅನ್ನಬೇಕು. ಅದು ಮರ್ಯಾದೆ. ಕೊಡುವವರು ಮತ್ತೆ ಮತ್ತೆ ಕೇಳಬೇಕು. ಅದೂ ಮರ್ಯಾದೆ. ಶರಣಬಸವ ಕಾಕಾ ಊಟಕ್ಕೆ ಬಂದರೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕವಾ ಸಾಕು, ಹೊಟ್ಟಿ ಒಡೀತೈತಿ," ಅನ್ನುತ್ತಾನೆ. ಅವ್ವ ಅವನ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾಳೆ. ಕಾಕಾ ಬೆರಳು ನೆಕ್ಕಿ ಇನ್ನೊಂದು ಹೋಳಿಗೆಗೆ ಕೈ ಹಾಕುತ್ತಾನೆ. ಯಾರಿಗೂ ಬೇಸರವಿಲ್ಲ.

ಲಂಡನ್ನಿನಲ್ಲಿ ಇದು ನಡೆಯುವುದಿಲ್ಲ. ಗೆಳತಿ ಲಿಲ್ಲಿಯ ಬರ್ತ್‌ಡೇಯಲ್ಲಿ ಅವಳಮ್ಮ ಚಾಕೊಲೇಟ್ ಕೇಕ್ ಹಿಡಿದು ಬಂದಾಗ ಸೃಷ್ಟಿ ಬೇಡ ಅಂದಿದ್ದಳು. ಕೇಕ್ ಹಾಗೇ ಮುಂದೆ ಹೋಯಿತು. ತಿರುಗಿ ಬರಲೇ ಇಲ್ಲ. ಆ ಕೇಕಿನ ದುಃಖ ಸೃಷ್ಟಿಗೆ ಇನ್ನೂ ಪೂರ್ತಿ ಹೋಗಿಲ್ಲ.

ಈಗಲೂ ಅದೇ ಆಯಿತು.

"ಖಂಡಿತ, ನೋ ಪ್ರೆಶರ್," ಎಂದರು ಮಿಸ್ ಹ್ಯಾರಿಯೆಟ್. "ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಿರಿ, ಥ್ಯಾಂಕ್ಯೂ. ಬೇರೆ ಯಾರು?"

"ನಾನು!" ಎಂದ ಡೋರಿನ್. ಮಿಸ್ ಬೋರ್ಡಿನ ಮೇಲೆ ಅವನ ಹೆಸರು ಬರೆದರು. "ಒಂದು ಪ್ರಶ್ನೆ," ಅಂದ ಅವನು. "ರೆಪ್ ಅಂದರೆ ಏನು?"

ಮಿಸ್ ವಿವರಿಸಿದರು. ಡೋರಿನ್ ಖುಷಿಯಿಂದ ತಲೆಯಾಡಿಸಿದ. "ಗುಡ್. ನಾನು ಸಂಜೆ ಕ್ಲಾಸ್ ಬೇಕು ಅಂತ ಹೇಳುತ್ತೇನೆ. ಬೆಳಿಗ್ಗೆ ನನಗೆ ಪೇಂಟಿಂಗ್ ಕೆಲಸ. ಪ್ರತಿ ಸಲ ಅರ್ಧ ಗೋಡೆ ಬಿಟ್ಟು ಓಡಿ ಬರುತ್ತೇನೆ."

ಸೃಷ್ಟಿ ಥಟ್ಟನೆ ಅವ್ವನತ್ತ ನೋಡಿದಳು. ಅವ್ವನ ತಲೆ ಇನ್ನೂ ಓರೆಯಾಗಿಯೇ ಇತ್ತು, ನಗು ಮಾತ್ರ ಹುಳ್ಳಗಾಗಿತ್ತು.

"ಇನ್ನೊಮ್ಮೆ ಕೇಳಲೇ ಇಲ್ಲಲ್ಲ ಆಕಿ!" ಎಂದು ಅವ್ವ ಪಿಸುಗುಟ್ಟಿದಳು.

"ಬಟ್ ಅವ್ವಾ, ಯೂ ಸೆಡ್ ನೋ!"

"ಹಂಗ ಅನ್ನಬೇಕಲ್ಲ! ಕೇಳಿದ ಕೂಡಲೇ ಹೂಂ ಅಂದ್ರ ಮಂದಿ ಏನಂತಾರ? ಆಸೆಬುರುಕಿ ಅಂತಾರ."

"ನಾನು ಮಿಸ್‌ಗೆ ಹೇಳ್ಲಾ?"

"ಬಾಯಿ ಬಿಟ್ಟಿ ಅಂದ್ರ ನೋಡು! ನನ್ನ ಮಾನಾ ಕಳೀಬ್ಯಾಡ. ಸುಮ್ಮ ಕೂಡು."

ಸೃಷ್ಟಿ ಸುಮ್ಮನೆ ಕೂತಳು. ಹೇಳಿದರೆ ಅವ್ವನಿಗೆ ಅವಮಾನ. ಹೇಳದಿದ್ದರೆ ಸಂಜೆ ಕ್ಲಾಸು, ಅವ್ವ ಮನೆಯಲ್ಲಿ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು ಅವಳ ಸ್ಥಿತಿ. ಬೆಳಿಗ್ಗೆ ಕುಕ್ಕರಿನ ಮುಂದೆ ನಿಂತಿದ್ದ ಅವ್ವ ಎಷ್ಟು ಖುಷಿಯಾಗಿದ್ದಳು! ಈಗ ಪುಸ್ತಕದ ಮೂಲೆಯನ್ನು ಮಡಚುವುದು, ಬಿಚ್ಚುವುದು, ಇಷ್ಟೇ ಮಾಡುತ್ತಿದ್ದಳು. ಸೃಷ್ಟಿಗೆ ಅಳು ಬರುವಂತಾಯಿತು.

ಅವಳ ಕೈ ತಾನಾಗಿ ಮೇಲೆ ಹೋಯಿತು.

"ಮಿಸ್, ಎರಡನೇ ಸಲ ಕೇಳಿ, ಪ್ಲೀಸ್!"

ಅವ್ವ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದಳು. "ಔಚ್!" ಎಂದು ಸೃಷ್ಟಿ ಮಾತು ಮುಂದುವರಿಸಿದಳು. "ನಮ್ಮನೇಲಿ ಮೊದಲನೇ ಸಲ ಕೇಳಿದ್ದು ಕೌಂಟ್ ಆಗಲ್ಲ. ಎಲ್ಲರೂ ನೋ ಅಂತಾರೆ. ಅದು ಜಸ್ಟ್ ಪೊಲೈಟ್ ನೋ."

ಮರುಕ್ಷಣ ಫರಿದೆ ಮೇಜಿಗೆ ಗುದ್ದಿ ನಗತೊಡಗಿದಳು. "ನಮ್ಮ ಟೆಹರಾನಿನಲ್ಲೂ ಅಷ್ಟೇ! ಟ್ಯಾಕ್ಸಿಯವನು ಕೂಡ ಮೊದಲು ದುಡ್ಡು ಬೇಡ ಅನ್ನುತ್ತಾನೆ. ಹಾಗೇ ಇಳಿದು ಹೋಗಿ ನೋಡಿ, ಅಟ್ಟಿಸಿಕೊಂಡು ಬರುತ್ತಾನೆ!"

"ಕೇಕಿಗಾದರೆ ನನ್ನ ಅಜ್ಜಿಯೂ ಹಾಗೇ," ಎಂದ ಡೋರಿನ್. "ಆದರೆ ಕೆಲಸಕ್ಕೆ ಹಾಗೆ ಮಾಡಿದರೆ ಕೆಲಸ ಪಕ್ಕದ ಮನೆಯವನಿಗೆ ಹೋಗುತ್ತದೆ."

ಮಿಸ್ ಹ್ಯಾರಿಯೆಟ್ ಬಿಸ್ಕತ್ತಿನ ಡಬ್ಬಿಯತ್ತ ನಿಧಾನವಾಗಿ ತಿರುಗಿದರು. "ಹಾಗಾದರೆ... ಸೆಪ್ಟೆಂಬರಿನಿಂದ ನಾನು ಕೊಟ್ಟ ಬಿಸ್ಕತ್ತು?"

ಎಲ್ಲರೂ ನೆಲ ನೋಡಿದರು.

"ಬೇಕಿತ್ತು, ಮಿಸ್," ಎಂದರು ಅಬ್ದಿ ಅಜ್ಜ ಸಣ್ಣ ದನಿಯಲ್ಲಿ. "ಪ್ರತಿ ಸಲವೂ ಬೇಕಿತ್ತು."

"ಅಯ್ಯೋ ದೇವರೇ! ನಿಮಗೆ ಸೇರುವುದಿಲ್ಲ ಅಂದುಕೊಂಡು ಎಲ್ಲವನ್ನೂ ಮನೆಗೆ ಒಯ್ದು ನಾನೇ ತಿಂದೆ!" ಮಿಸ್ ಹ್ಯಾರಿಯೆಟ್ ಅವರ ಮುಖ ಕೆಂಪಾಯಿತು. ಡಬ್ಬಿ ಮತ್ತೆ ತೆರೆಯಿತು. ಈ ಸಲ ಅದು ಖಾಲಿಯಾಗಿಯೇ ಮರಳಿ ಬಂತು.

ಬೆರಳಿಗಂಟಿದ ಪುಡಿ ಒರೆಸಿಕೊಂಡು ಮಿಸ್ ಅವ್ವನ ಎದುರು ಬಂದು ನಿಂತರು. "ಸೌಂದರ್ಯಾ, ಎರಡನೇ ಸಲ ಕೇಳುತ್ತಿದ್ದೇನೆ. ನಿಮಗೆ ರೆಪ್ ಆಗಲು ಇಷ್ಟವೇ?"

ಅವ್ವ ಬಾಯಿ ತೆರೆದಳು.

"ನೋ, ನೋ, ಮಿಸ್..."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ! ಕ್ಲಾಸಿಗೆ ಕ್ಲಾಸೇ "ಅಯ್ಯೋ" ಎಂದು ನರಳಿತು. ಸೃಷ್ಟಿ ಕಣ್ಣು ಮುಚ್ಚಿಕೊಂಡಳು.

ಮಿಸ್ ಹ್ಯಾರಿಯೆಟ್‌ಗೆ ದಿಕ್ಕು ತೋಚಲಿಲ್ಲ. "ಸೃಷ್ಟಿ, ಇದು ಯಾವ ನೋ? ಪೊಲೈಟ್ ನೋ? ಅಥವಾ ನಿಜವಾದ ನೋ?"

ಎಲ್ಲರ ಕಣ್ಣೂ ಸೃಷ್ಟಿಯ ಮೇಲೆ. ಅವ್ವನ ಕಣ್ಣೂ ಅಲ್ಲೇ. 'ಹೇಳು, ನೀನೇ ಹೇಳಿಬಿಡು' ಎಂದು ಆ ಕಣ್ಣು ಬೇಡುತ್ತಿತ್ತು. ಸೃಷ್ಟಿಗೆ ಆ ನೋಟ ಹೊಸದಲ್ಲ. ಜಿ.ಪಿ. ಹತ್ತಿರವೂ ಅವ್ವ ಹೀಗೆಯೇ ನೋಡುತ್ತಿದ್ದಳು. ಉತ್ತರ ಸೃಷ್ಟಿಯ ನಾಲಿಗೆಯ ತುದಿಗೆ ಬಂದಿತ್ತು.

ಆದರೆ ಈಗ ತಾನು ಹೇಳಿಬಿಟ್ಟರೆ ರೆಪ್ ಆಗುವುದು ಯಾರು?

"ಗೊತ್ತಿಲ್ಲ, ಮಿಸ್," ಅಂದಳು ಸೃಷ್ಟಿ. "ಅವಳನ್ನೇ ಕೇಳಿ."

ಅವ್ವ ಅವಳತ್ತ ಬೀರಿದ ನೋಟ ಹೇಗಿತ್ತೆಂದರೆ, ಮನೆಗೆ ಹೋದ ಮೇಲೆ ಏನು ಕಾದಿದೆಯೋ ಎಂದು ಸೃಷ್ಟಿಗೆ ನಡುಕ ಹುಟ್ಟಿತು. ಹೊರಗೆ ಬಸ್ಸೊಂದು ಹೋದ ಸದ್ದಾಯಿತು.

ಆಮೇಲೆ ಕುರ್ಚಿ ಕಿರ್ರೆಂದಿತು. ಅವ್ವ ಎದ್ದು ನಿಂತಿದ್ದಳು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಯೆಸ್," ಅಂದಳು. ಗಂಟಲು ಸರಿಮಾಡಿಕೊಂಡು ಮತ್ತೆ ಅಂದಳು, "ಯೆಸ್! ಐ ವಾಂಟ್. ಫಸ್ಟ್ ಟೈಮ್ ಆಲ್ಸೋ ಐ ವಾಂಟ್."

ಚಪ್ಪಾಳೆ ಶುರುವಾಯಿತು. ಅವ್ವ ಕೈಯೆತ್ತಿ ಅದನ್ನು ನಿಲ್ಲಿಸಿದಳು, ಥೇಟ್ ಕಬಡ್ಡಿ ಕ್ಯಾಪ್ಟನ್. "ಮೈ ಹಸ್ಬಂಡ್, ನೈಟ್ ಬಸ್. ಈವ್ನಿಂಗ್ ಕ್ಲಾಸ್, ಐ ನಾಟ್ ಕಮ್. ಡೋರಿನ್, ಮಾರ್ನಿಂಗ್ ಕ್ಲಾಸ್, ಹಾಫ್ ವಾಲ್. ಸೋ ಐ ಆಸ್ಕ್ ಪ್ರಿನ್ಸಿಪಾಲ್: ಟೂ ಕ್ಲಾಸ್! ಒನ್ ಮಾರ್ನಿಂಗ್, ಒನ್ ಈವ್ನಿಂಗ್. ಶಿ ಸೇ ನೋ, ಐ ಆಸ್ಕ್ ಅಗೇನ್. ಶಿ ಸೇ ನೋ, ಐ ಆಸ್ಕ್ ಅಗೇನ್!"

ಡೋರಿನ್ ತಾನೇ ಹೋಗಿ ಬೋರ್ಡಿನ ಮೇಲಿದ್ದ ತನ್ನ ಹೆಸರನ್ನು ತೋಳಿನಿಂದ ಒರೆಸಿದ. "ಪಾಪ, ಪ್ರಿನ್ಸಿಪಾಲ್," ಅಂದ. ಈ ಸಲದ ಚಪ್ಪಾಳೆಯನ್ನು ಅವ್ವನಿಂದಲೂ ನಿಲ್ಲಿಸಲಾಗಲಿಲ್ಲ.

ಮರಳುವಾಗ ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟೇ ಸಿಕ್ಕಿತು. ಸೃಷ್ಟಿ ಮೆಲ್ಲಗೆ ಅವಳ ಕೈ ಹಿಡಿದಳು. ಅಂಗೈ ಇನ್ನೂ ಬೆವೆತಿತ್ತು.

"ಹೂಂ ಅನ್ನೂದು ಇಷ್ಟ ತ್ರಾಸ ಅಂತ ಗೊತ್ತಿದ್ದಿಲ್ಲ ನೋಡು," ಅಂದಳು ಅವ್ವ. "ನೀ ಹೇಳತಿ ಅಂತ ಮಾಡಿದ್ದೆ. ಕೈ ಕೊಟ್ಟಿ."

"ಸಿಟ್ಟಾ?"

"ಭಾಳ ಸಿಟ್ಟು," ಎಂದಳು ಅವ್ವ, ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು.

ಸ್ವಲ್ಪ ದೂರ ಹೋದ ಮೇಲೆ ಅವ್ವ ಮತ್ತೆ ಅಂದಳು, "ಬರೂ ವಾರ ಪ್ರಿನ್ಸಿಪಾಲರ ಮೀಟಿಂಗ್ ಐತಿ. ನಿಂಗ ಹಾಫ್ ಟರ್ಮ್ ರಜಾ. ನನ್ನ ಸಂಗಾಟ ಬರತಿಯೇನು?"

ಸೃಷ್ಟಿಗೆ ಹೋಗಬೇಕೆನಿಸಿತು. ಪ್ರಿನ್ಸಿಪಾಲರ ಕೋಣೆ ಹೇಗಿರುತ್ತದೋ ನೋಡುವ ಆಸೆಯೂ ಇತ್ತು. ಅವ್ವನ ಪಕ್ಕ ಕೂತು, ಅವ್ವ ತಡವರಿಸಿದಾಗಲೆಲ್ಲ ಮಾತು ಒದಗಿಸುವುದು ಅವಳಿಗೆ ರೂಢಿಯಾಗಿತ್ತು. ಅದರಲ್ಲಿ ಅವಳಿಗೊಂದಿಷ್ಟು ಜಂಬವೂ ಇತ್ತು.

"ಒಲ್ಲೆ," ಅಂದಳು ಸೃಷ್ಟಿ. ಯಾಕೋ ಅದು ಕನ್ನಡದಲ್ಲೇ ಬಂತು.

ಅವ್ವ ತಿರುಗಿ ಅವಳ ಮುಖವನ್ನೇ ನೋಡಿದಳು. "ಖರೇನ ಒಲ್ಲಿ?"

"ಖರೇನ ಒಲ್ಲೆ, ಅವ್ವಾ."

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು, ಹೊರಟಿತು. ಅವ್ವ ಕಿಟಕಿಯತ್ತ ತಿರುಗಿ, ತುಟಿಯಲ್ಲೇ "ಗುಡ್ ಮಾರ್ನಿಂಗ್ ಪ್ರಿನ್ಸಿಪಾಲ್ ಮೇಡಂ" ಎನ್ನತೊಡಗಿದಳು.

ಮೂರನೆಯ ಸಲ ಅವಳು ಕೇಳಲಿಲ್ಲ.