ಕೊನೆಯ ಗುಳ್ಳೆಯ ಮಾತು

ಕ್ರಿಚ್. ಕ್ರಿಚ್.

ರಾತ್ರಿ ಹನ್ನೊಂದೂವರೆ. ಮಣಿಪಾಲದ ಆ ಪ್ರೆಸ್ಸಿನಲ್ಲಿ ಯಂತ್ರಗಳು ನಿಂತಿದ್ದವು. ಬ್ಲೇಡು ಕಾಗದ ಕೆರೆಯುವ ಸದ್ದೊಂದೇ ಪ್ರೂಫ್ ನೋಡುತ್ತಿದ್ದ ನರ್ಮದೆಯ ಕಿವಿಗೆ ಬಿತ್ತು. ಬೆಳಿಗ್ಗೆ ಚಿತ್ರಕಥೆ ಪುಸ್ತಕ ಅಚ್ಚಿನ ಪ್ಲೇಟಿಗೆ ಹೋಗಬೇಕು. ಪರ್ಕಳದ ಬಾಡಿಗೆ ಕೋಣೆಯಲ್ಲಿ ಅವಳ ಜೊತೆಗಿರುವ, ಬೈಂಡಿಂಗಿನ ಇಮೆಲ್ಡಾ ಕಾಗದದ ಕಟ್ಟಿಗೆ ಒರಗಿ ನಿದ್ದೆಹೋಗಿದ್ದಳು.

ನರ್ಮದಾ ಕೊನೆಯ ಪುಟವನ್ನು ಇನ್ನೊಮ್ಮೆ ಓದಿದಳು.

ಕಥೆಯ ನಾಯಕಿ, ಏಳು ವರ್ಷ ಒಬ್ಬಳೇ ದೋಣಿ ನಡೆಸಿದ ಹೆಂಗಸು. ಯುದ್ಧಕ್ಕೆ ಹೋದ ಗಂಡ ಬಾಗಿಲಲ್ಲಿ ನಿಂತಿದ್ದಾನೆ. ಅವಳ ಮಾತಿನ ಬಿಳಿ ಗುಳ್ಳೆಯಲ್ಲಿ ಮಾಲೀಕ ಭುಜಂಗರಾಯರು ತಾವೇ ಬರೆದದ್ದನ್ನು ಹಾಕಿಸಿದ್ದರು: "ನಾಥಾ, ನಿಮ್ಮ ಪಾದಧೂಳಿಯೇ ನನ್ನ ಸೌಭಾಗ್ಯ!"

ಅದರ ಕೆಳಗೆ, ಮೊದಲ ಬಾರಿಗೆ, ಅವಳ ಹೆಸರು. 'ಕಥೆ: ಕಾರ್ಕಳದ ನರ್ಮದಾ, 1979.'

ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು. ಪ್ರೂಫಿನ ಜೊತೆಗೆ ಕಥೆಯನ್ನೂ ಬರೆಯುತ್ತಿದ್ದ ಅವಳಿಗೆ ಇಷ್ಟು ಕಲಿಯಲು ನಾಲ್ಕು ವರ್ಷ ಹಿಡಿದಿತ್ತು. ರಾಯರಿಗೆ ಮಾತ್ರ ಕಣ್ಣೀರು ಬೇಕು. "ಕಣ್ಣೀರಿಗೆ ಎರಡನೇ ಮುದ್ರಣ ಉಂಟು ಮಾರಾಯ್ತಿ," ಎನ್ನುತ್ತಿದ್ದರು, ಎಲೆಯಡಿಕೆಯ ಕೆಂಪು ತುಟಿಯಂಚಿಗೆ ಇಳಿಯುವಾಗ. ಅವಳೂ ಬರೆದುಕೊಟ್ಟಿದ್ದಳು. ಹತ್ತೊಂಬತ್ತು ನಾಯಕಿಯರನ್ನು ಹತ್ತೊಂಬತ್ತು ಜೊತೆ ಕಾಲಿಗೆ ಬೀಳಿಸಿದ್ದಳು. ಹೇಸಿಗೆ ರಾಯರ ಮೇಲೆಯೋ ತನ್ನ ಮೇಲೆಯೋ, ಅವಳಿಗೆ ತಿಳಿಯಲಿಲ್ಲ.

ಎದ್ದು ಒಳಗೆ ಹೋದಳು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿಗೆ ಬಗ್ಗಿ ದೇವದಾಸ ಕೂತಿದ್ದ. ಕಾಪುವಿನವನು, ಅಚ್ಚಾದ ಮಾತುಗಳನ್ನು ಕತ್ತರಿಸಿ ಗುಳ್ಳೆಗಳಿಗೆ ಅಂಟಿಸುವುದು ಅವನ ಕೆಲಸ.

"ನನ್ನ ಹೆಸರು ಕೆರೆದು ತೆಗೆಯಿರಿ," ಎಂದಳು.

"ಹೆಸರು ಯಾಕೆ? ಪಾದಧೂಳಿ ತೆಗಿತಾ ಇದ್ದೇನೆ."

ಮೂಲ ಹಾಳೆಯಲ್ಲಿ ಗುಳ್ಳೆ ಆಗಲೇ ಖಾಲಿಯಾಗಿತ್ತು. ಅವನು ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದ. ಅದರೊಳಗೆ ಬೆರಳುಗುರಿನಷ್ಟು ಕಾಗದಗಳು. ರಾಯರು ಹೊಡೆದುಹಾಕಿದ್ದ ಅವಳ ಮಾತುಗಳು.

"ಇದೆಲ್ಲ ಎಂತಕ್ಕೆ ಇಟ್ಟುಕೊಂಡದ್ದು?"

"ಮನೆಯಲ್ಲಿ ಓದ್ಲಿಕ್ಕೆ ಬೇರೆಂತ ಇಲ್ಲ."

ಅವಳು ಮುಖ ತಿರುಗಿಸಿದಳು. ಅವನು ನೋಡುತ್ತಲೇ ಇದ್ದ. ಗಾಜಿನ ಬೆಳಕು ಅವನ ರೆಪ್ಪೆಯ ನೆರಳನ್ನು ಹಣೆಗೆ ಏರಿಸಿತ್ತು. ಬೆರಳಿಗೆಲ್ಲ ಗೋಂದು. ಅದೊಂದು ಅವಳಿಗೆ ಅಸಹ್ಯವೆನಿಸಲಿಲ್ಲ.

"ರಾಯರಿಗೆ ಗೊತ್ತಾದರೆ ನಿಮ್ಮ ಕೆಲಸ ಹೋಗ್ತದೆ."

"ಹೋಗ್ತದೆ." ಒಂದು ಚೂರನ್ನು ಬ್ಲೇಡಿನ ತುದಿಯಲ್ಲಿ ಎತ್ತಿ ಗುಳ್ಳೆಯಲ್ಲಿ ಕೂರಿಸಿದ: "ಬಂದಿರಾ? ಕಾಲು ತೊಳೆಯಿರಿ. ಗಂಜಿ ಉಂಟು."

ನರ್ಮದಾ ಮೇಜಿಗೆ ಬಗ್ಗಿ ಅದನ್ನು ಎರಡು ಸಲ ಓದಿದಳು.

"ನನಗೂ ನಾಲ್ಕು ಶಬ್ದ ಹೇಳ್ಲಿಕ್ಕೆ ಉಂಟು," ಎಂದ ತಲೆಯೆತ್ತದೆ. "ಉದ್ದ ಆದ್ರೆ ಹೇಳಿ, ಕತ್ತರಿಸ್ತೇನೆ. ನಾವು ಮದುವೆ ಆಗುವನಾ?"

"ಮೂರೇ ಆಯ್ತಲ್ಲ?"

"ಇನ್ನೊಂದು ನಿಮ್ಮದು."

ಅವಳು ಬಾಗಿಲ ಕಡೆ ನೋಡಿದಳು, ಇಮೆಲ್ಡಾಳ ಉಸಿರಿಗೆ ಕಿವಿಗೊಟ್ಟಳು, ಆಮೇಲೆ ಬಹಳ ಮೆಲ್ಲಗೆ ಹೇಳಿದಳು, "ಆಗುವ."

ಪುಸ್ತಕ ಬಂತು. ರಾಯರು ತೆರೆದೂ ನೋಡಲಿಲ್ಲ. ಮೂರು ವಾರದ ನಂತರ ಬೆಳ್ಮಣ್ಣಿನ ಟೀಚರೊಬ್ಬರ ಕಾಗದ ಹಿಡಿದುಕೊಂಡು ಎಲ್ಲರನ್ನೂ ಕರೆದರು. ಕೊನೆಯ ಮಾತು ಓದಿ ಮನೆಮಂದಿಯೆಲ್ಲ ಅತ್ತರಂತೆ. ಇಂಥ ಮಾತು ಬರೆದ ಕೈಗೆ ನಮಸ್ಕಾರವಂತೆ.

"ಯಾವ ಮಾತಪ್ಪ?" ರಾಯರು ಪುಸ್ತಕ ಬಿಡಿಸಿದರು. ಓದಿದರು. ದವಡೆ ನಿಂತಿತು. ತಮ್ಮದಲ್ಲವೆಂದು ಅವರಿಗೆ ತಿಳಿದದ್ದನ್ನು ನರ್ಮದಾ ಕಣ್ಣಾರೆ ಕಂಡಳು. ದವಡೆ ಮತ್ತೆ ಆಡಿತು.

"ಹಾಂ, ಇದು! ಕೊನೆ ಗಳಿಗೆಯಲ್ಲಿ ನಾನೇ ಬದಲಿಸಿದ್ದು. ಹೆಂಗಸರಿಗೆ ಇಷ್ಟು ಸರಳ ಬರ್ಲಿಕ್ಕಿಲ್ಲ. ಅಲ್ವಾ ನರ್ಮದಾ?"

ಅವಳ ಒಂದೇ ಒಂದು ಒಳ್ಳೆಯ ವಾಕ್ಯ ಆ ಕೆಂಪು ಬಾಯಿಯಲ್ಲಿ ಎಲೆಯ ಜೊತೆ ಹೊರಳುತ್ತಿತ್ತು. ಅಲ್ಲ ಎಂದರೆ ಮರುಪ್ರಶ್ನೆ: ಹಾಗಾದರೆ ಅಂಟಿಸಿದ್ದು ಯಾರು? ಬಾಗಿಲ ಬಳಿ ದೇವದಾಸ, ಹೇಳು ಎಂಬಂತೆ ಅವಳನ್ನೇ ನೋಡುತ್ತಿದ್ದ. ಅವನು ಹೆದರಿರಲಿಲ್ಲ. ಅದಕ್ಕೇ ಅವಳು ಹೆದರಿದಳು.

"ಹೌದು ಸರ್," ಎಂದಳು.

ಸಂಜೆ ಬಸ್ಸಿನಲ್ಲಿ ಇಮೆಲ್ಡಾ ಮೊಣಕೈಯಲ್ಲಿ ತಿವಿದಳು. "ಅದು ರಾಯರ ತಲೆಯಿಂದ ಬಂದದ್ದಲ್ಲ. ನನ್ನ ಹತ್ತಿರ ಹೇಳು ಮಾರಾಯ್ತಿ."

ನರ್ಮದಾ ಕಿಟಕಿಯತ್ತ ತಿರುಗಿ ನಕ್ಕಳು. ಇಮೆಲ್ಡಾಳಿಗೂ ಇಲ್ಲ, ಕಾರ್ಕಳದ ಅಮ್ಮನಿಗೂ ಇಲ್ಲ, ಮುಂದೆ ಮಕ್ಕಳಾದರೆ ಅವರಿಗೂ ಇಲ್ಲ. ಆ ಬೆಂಕಿಪೆಟ್ಟಿಗೆಯ ವಿಷಯ ಯಾರಿಗೂ ಹೇಳಬಾರದು ಎಂದುಕೊಂಡಳು.