ಮೂರು ದಾರಿ ಕೂಡುವಲ್ಲಿ

ಅಮೆರಿಕದ ಟೊರೆನ್ಸಿನ ಮನೆಯ ಗ್ಯಾರೇಜಿನಲ್ಲಿ ನನ್ನ ಮಗಳು ನಮ್ರತಾ ನಿಂತಲ್ಲೇ ನಿಂತ ವ್ಯಾಯಾಮದ ಸೈಕಲ್ ತುಳಿಯುತ್ತಾಳೆ. ಎದುರಿನ ಟಿವಿಯಲ್ಲಿ ಫ್ರಾನ್ಸ್ ದೇಶದ ಹಳ್ಳಿದಾರಿ ಓಡುತ್ತಿರುತ್ತದೆ. ಒಂದು ನರಪಿಳ್ಳೆಯೂ ಕಾಣುವುದಿಲ್ಲ.

"ಯವ್ವಾ, ಫ್ರಾನ್ಸಿಗೆ ಬರ್ತೀಯೇನ?" ಎಂದು ಚೇಷ್ಟೆ ಮಾಡುತ್ತಾಳೆ.

"ಮೊದ್ಲ ವೀಸಾ ಮಾಡಸು" ಎನ್ನುತ್ತೇನೆ.

ಹೋದ ವರ್ಷ ಸೆಪ್ಟೆಂಬರಿನ ಮಟಮಟ ಮಧ್ಯಾಹ್ನ ಗ್ಯಾರೇಜು ಒಲೆಯ ಹಾಗೆ ಕಾದಿತ್ತು. ಟಿವಿಯ ದಾರಿ ಮರಗಳ ನೆರಳು ಹೊಕ್ಕಿದ್ದೇ ನನ್ನ ಪಾದಕ್ಕೆ ತಣ್ಣನೆ ಗಾಳಿ ತಾಗಿತು. ಹಸಿ ಹುಲ್ಲಿನ ವಾಸನೆ ಬಂತು.

"ಯವ್ವಾ, ಸೈಕಲ್ ನಿಲ್ಲವಲ್ದು!"

ಪೆಡಲುಗಳು ತಾವಾಗಿಯೇ ತಿರುಗುತ್ತಾ ಅವಳ ಕಾಲುಗಳನ್ನು ಎಳೆದಾಡುತ್ತಿದ್ದವು. ಪ್ಲಗ್ ಕಿತ್ತೆ, ಟಿವಿ ಆರಲಿಲ್ಲ. ಅವಳ ರಟ್ಟೆ ಹಿಡಿದು ಜಗ್ಗಿದೆ, ಕದಲಲಿಲ್ಲ. ಮೈ ಮಂಜಿನಂತಿತ್ತು.

ನನಗೆ ಗೊತ್ತಿದ್ದದ್ದು ಒಂದೇ. ಪಕ್ಕದ ಅಡುಗೆಮನೆಯಿಂದ ಹರಳುಪ್ಪು, ಒಣಮೆಣಸಿನಕಾಯಿ ತಂದು ದೃಷ್ಟಿ ತೆಗೆದೆ. ಅದನ್ನು ಮೂರು ದಾರಿ ಕೂಡುವಲ್ಲಿ ಎಸೆಯಬೇಕು. ಒದ್ದಾಡುವ ಮಗಳನ್ನು ಬಿಟ್ಟು ಬೀದಿಗೆ ಹೇಗೆ ಹೋಗಲಿ? ಅಷ್ಟರಲ್ಲಿ ಟಿವಿಯಲ್ಲೇ ಮೂರು ದಾರಿ ಕೂಡಿದವು. ಅತ್ತಲೇ ಎಸೆದುಬಿಟ್ಟೆ.

ಸೈಕಲ್ ನಿಂತಿತು. ನಮ್ರತಾ ನನ್ನ ಮೇಲೆ ಕುಸಿದಳು.

ಸಂಜೆ ಕಸಬರಿಗೆ ಹಿಡಿದು ಗ್ಯಾರೇಜಿನ ಮೂಲೆಮೂಲೆ ಗುಡಿಸಿದೆ. ಒಂದು ಮೆಣಸಿನಕಾಯಿಯಾಗಲಿ, ಒಂದು ಹರಳು ಉಪ್ಪಾಗಲಿ ಸಿಗಲಿಲ್ಲ.