ಇಪ್ಪತ್ತರ ಕಿವಿ

ಹೆಡ್‌ಫೋನಿನಲ್ಲಿ ಸೂಜಿಯಂಥ ಸಣ್ಣ ಸಿಳ್ಳೊಂದು ಕೇಳಿಸಿತು. ಚಿನ್ಮಯ ಬಡಿಗೇರ ಬೆರಳೆತ್ತಿದ. ಸಿಳ್ಳು ಇನ್ನಷ್ಟು ಮೇಲೇರಿತು, ಮತ್ತೆ ಬೆರಳೆತ್ತಿದ. ಪರದೆ ನೋಡುತ್ತಿದ್ದ ಡಾ. ಅನುಪಮಾ ಕೊಪ್ಪದ ನಕ್ಕರು.

"ನಲವತ್ತೊಂಬತ್ತರ ವಯಸ್ಸಿನ್ಯಾಗ ಇದು ಕೇಳಸೂದಿಲ್ಲ ಬಡಿಗೇರ ಅವರ. ನಿಮ್ಮ ಕಿವಿಗೆ ಈಗ ಇಪ್ಪತ್ತು."

ಕಿವಿಯ ಒಳಗೆ, ಬಸವನಹುಳುವಿನ ಚಿಪ್ಪಿನಂಥ ಸುರುಳಿಯಲ್ಲಿ, ಸದ್ದನ್ನು ಹಿಡಿಯುವ ರೋಮಕೋಶಗಳಿರುತ್ತವೆ. ವಯಸ್ಸಾದಂತೆ ಎತ್ತರದ ಸ್ವರಗಳ ಕೋಶಗಳು ಮೊದಲು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಅನುಪಮಾ ಕಂಡುಹಿಡಿದ ಔಷಧ ಅವನ್ನು ಹುಟ್ಟಿಸುತ್ತಿತ್ತು. 2058ರ ಬೇಸಿಗೆಯಲ್ಲಿ, ಧಾರವಾಡದ ಅವರ ಪ್ರಯೋಗಾಲಯದಲ್ಲಿ ಅದನ್ನು ಹಾಕಿಸಿಕೊಂಡ ಹನ್ನೊಂದು ಮಂದಿಯಲ್ಲಿ ಚಿನ್ಮಯನೂ ಒಬ್ಬ. ಹಾರ್ಮೋನಿಯಂ ಶ್ರುತಿ ಮಾಡುವುದು ಅವನ ಕಸುಬು. ಎರಡು ವರ್ಷದಿಂದ ಗಿರಾಕಿಗಳು ಶ್ರುತಿ ಸರಿಯಿಲ್ಲವೆಂದು ಪೆಟ್ಟಿಗೆಗಳನ್ನು ವಾಪಸು ತರತೊಡಗಿದ್ದರು.

ಆ ಸಂಜೆ ಹೆಂಡತಿ ಸ್ಫೂರ್ತಿ ತಂಬೂರಿ ಹಿಡಿದು ಕೂತಳು. ಅವಳು ಗಾಯಕಿ, ನಲವತ್ತೇಳರ ವಯಸ್ಸು. ಮುಂದಿನ ತಿಂಗಳು ಮೈಸೂರಿನಲ್ಲಿ ಅವಳ ಕಛೇರಿಯಿತ್ತು.

"ಮೊದಲ ನನ್ನ ಹಾಡು ಕೇಳ್ರಿ," ಎಂದು ಸಂಭ್ರಮದಿಂದಲೇ ಶುರುಮಾಡಿದಳು.

ಕೆಳಗಿನ ಸ್ವರಗಳು ತುಂಬಿ ಬಂದವು. ಮೇಲಿನ ಷಡ್ಜಕ್ಕೆ ಏರಿದಾಗ ದನಿಯ ಜೊತೆ ಗಾಳಿ ಸೋರಿತು. ಸ್ವರ ಒಂದೆಳೆ ಕೆಳಗೇ ನಿಂತು ನಡುಗಿತು. ತಡೆದುಕೊಳ್ಳುವ ಮೊದಲೇ ಚಿನ್ಮಯನ ಹುಬ್ಬು ಗಂಟಿಕ್ಕಿತು.

ಸ್ಫೂರ್ತಿ ಹಾಡು ನಿಲ್ಲಿಸಿದಳು. "ಏನಾತು?"

"ಏನಿಲ್ಲ. ಹೊಸಾ ಕಿವಿ, ಇನ್ನೂ ರೂಢಿ ಆಗಿಲ್ಲ."

"ಇಪ್ಪತ್ತೆರಡು ವರ್ಷದಿಂದ ನಿಮ್ಮ ಮಾರಿ ನೋಡಾಕತ್ತೀನಿ. ಖರೇ ಹೇಳ್ರಿ."

ಅವನು ಹೇಳಿದ.

"ಯಾವಾಗಿಂದ ಹಿಂಗೈತಿ?"

"ಗೊತ್ತಿಲ್ಲ. ಇಷ್ಟು ದಿನ ನನಗ ಕೇಳಿಸೇ ಇರಲಿಲ್ಲ."

"ನನಗೂ ಕೇಳಿಸಿಲ್ಲ," ಎಂದಳು ಸ್ಫೂರ್ತಿ. ತಂಬೂರಿಗೆ ಗವಸು ಹಾಕಿದಳು. ಮರುದಿನ ಮೈಸೂರಿಗೆ ಫೋನ್ ಮಾಡಿ ಬರುವುದಿಲ್ಲವೆಂದಳು. ಆಮೇಲೆ ಚಿನ್ಮಯ ಮನೆಯಲ್ಲಿದ್ದಾಗ ಗುನುಗುವುದನ್ನೂ ಬಿಟ್ಟಳು.

ಚಿನ್ಮಯ ಪ್ರಯೋಗಾಲಯಕ್ಕೆ ಹೋದ. "ತಗದುಬಿಡ್ರಿ ಡಾಕ್ಟರ್."

"ಅವು ಈಗ ನಿಮ್ಮ ಮೈಯಾಗಿನ ಕೋಶಗಳು, ತೆಗೆಯಾಕ ಬರೂದಿಲ್ಲ. ಬೇಕಿದ್ರ ನಿಮ್ಮ ಮನಿಯವರ ಕಿವಿಗೂ ಹಾಕ್ತೀನಿ. ಗಂಟಲಿಗೆ ಮಾತ್ರ ನನ್ನ ಹತ್ರ ಔಷಧ ಇಲ್ಲ."

ಸ್ಫೂರ್ತಿ ಒಪ್ಪಲಿಲ್ಲ. "ನೀವು ಕೇಳಿದ್ದು ಸಾಕು," ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳೇ ಕರೆದಳು. "ಶ್ರುತಿ ಇಳಿಸೀನಿ. ತಪ್ಪಿದಲ್ಲಿ ಹೇಳ್ರಿ. ಸಮಾಧಾನ ಮಾಡಬ್ಯಾಡ್ರಿ."

ಅವನು ಮೂರು ಕಡೆ ಹೇಳಿದ. ನಾಲ್ಕನೆಯದನ್ನು ನುಂಗಿಕೊಂಡ.

"ಅದನ್ನೂ ಹೇಳ್ರಿ," ಎಂದಳು, ಅವನತ್ತ ನೋಡದೆ.

ಮುಂದಿನ ತಪಾಸಣೆಯಲ್ಲಿ ಚಿನ್ಮಯ ಇದನ್ನೆಲ್ಲ ಅನುಪಮಾಗೆ ಹೇಳಿದ. ಅದೇ ವಾರ ಅವರು, ಔಷಧ ಹಾಕಿಸಿಕೊಳ್ಳಲು ಬರುವವರ ಒಪ್ಪಿಗೆ ಪತ್ರದಲ್ಲಿ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಕೆಳಗೆ, ಹೊಸದೊಂದು ಪ್ರಶ್ನೆ ಸೇರಿಸಿದರು: 'ನಿಮ್ಮ ಜೊತೆಜೊತೆಗೇ ವಯಸ್ಸಾಗುತ್ತಿರುವವರು ಯಾರು?'

ಉತ್ತರ ಬರೆಯಲು ಕೂತವರಲ್ಲಿ ಹಲವರು ಪೆನ್ನು ಕೆಳಗಿಟ್ಟು ಮನೆಗೆ ಹೋದರು.